ಓಡುತ್ತಿರುವ ರಿಯಾಕ್ಟರ್‌ನಲ್ಲಿ ಇಂಧನ ಬದಲಿಸುವ ಕ್ರಮ: ಕೈಗಾ ಮಾದರಿ

ಕೈಗಾದ 220 ಮೆಗಾವ್ಯಾಟ್ ಭಾರಜಲ (ಭಾರ ಹೈಡ್ರೋಜನ್ ಇರುವ ನೀರು) ರಿಯಾಕ್ಟರ್‌ನಲ್ಲಿ 306 ಅಡ್ಡ ಚಾನೆಲ್‌ಗಳಿವೆ, ಅಂದರೆ ಇಂಧನ ಕೂರುವ ನಳಿಗೆಗಳು. ಇಂಧನದ ಬಂಡಲ್ ಎಂದರೆ ಅರ್ಧ ಮೀಟರ್ ಉದ್ದದ 19 ಜಿರ್ಕಲಾಯ್ (ಜಿರ್ಕೋನಿಯಂ ಮಿಶ್ರಲೋಹ) ಕೊಳವೆಗಳ ಕಟ್ಟು. ಒಳಗೆ ಸುಮಾರು 15 ಕಿಲೋ ಯುರೇನಿಯಂ ಆಕ್ಸೈಡ್ ಬಿಲ್ಲೆಗಳು. ಸಹಜ ಯುರೇನಿಯಂನಲ್ಲಿ ಸುಲಭವಾಗಿ ಒಡೆದು ಶಾಖ ಕೊಡುವ ಯುರೇನಿಯಂ-235 ಇರುವುದೇ ಶೇ. 0.7. ಅದು ಬೇಗ ಸವೆಯುವುದರಿಂದ, ಸ್ಥಾವರ ನಿಲ್ಲಿಸದೆಯೇ ಇಂಧನ ಬದಲಿಸುತ್ತಿರಬೇಕು.

ಮೊದಲು ಚಾನೆಲ್ ಆರಿಸಿ. ಅಕ್ಕಪಕ್ಕದವನ್ನು ಬೆನ್ನುಬೆನ್ನಿಗೆ ತುಂಬಬಾರದು, ಅಲ್ಲಿ ಶಾಖ ಮಿತಿ ಮೀರುತ್ತದೆ. ಎರಡು ಫ್ಯೂಯಲಿಂಗ್ ಮೆಷಿನ್‌ಗಳು (ಇಂಧನ ತುಂಬುವ ಯಂತ್ರಗಳು) ಚಾನೆಲ್‌ನ ಎರಡೂ ತುದಿಗೆ ಕಚ್ಚಿಕೊಳ್ಳಲಿ. ಸೋರಿಕೆ ಪರೀಕ್ಷೆ ಮುಗಿಯದೆ ಚಾನೆಲ್ ತುದಿಯ ಪ್ಲಗ್ ತೆಗೆಯಲೇಬೇಡಿ: ಆಚೆಗಿರುವುದು ಭಾರೀ ಒತ್ತಡದ, 250 ಡಿಗ್ರಿ ಮೀರಿದ ಭಾರಜಲ. ಸಾಮಾನ್ಯವಾಗಿ ಒಂದು ಕಡೆಯಿಂದ 8 ಹೊಸ ಬಂಡಲ್ ತಳ್ಳಿದರೆ ಇನ್ನೊಂದು ಕಡೆ 8 ಹಳೆಯವು ಹೊರಬರುತ್ತವೆ.

ಶೀತಕದಲ್ಲಿ, ಅಂದರೆ ಇಂಧನದ ಶಾಖ ಒಯ್ಯುವ ಭಾರಜಲದಲ್ಲಿ, ಯುರೇನಿಯಂ ಒಡೆದಾಗ ಹುಟ್ಟುವ ವಿಕಿರಣಶೀಲ ಅಯೋಡಿನ್-131 ಏರಿತೇ? ಎಲ್ಲೋ ಇಂಧನದ ಕೊಳವೆ ಬಿರುಕು ಬಿಟ್ಟಿದೆ. ಸೋರಿದ ವಸ್ತುಗಳಿಂದ ತಡವಾಗಿ ಹೊಮ್ಮುವ ನ್ಯೂಟ್ರಾನ್‌ಗಳನ್ನು ಅಳೆದು ಆ ಚಾನೆಲ್ ಪತ್ತೆಹಚ್ಚಿ, ಅದನ್ನೇ ಮೊದಲು ಖಾಲಿ ಮಾಡಿ.

ಹೊರಬಂದ ಬಂಡಲ್‌ನಲ್ಲಿ ವಿದಳನ (ಪರಮಾಣು ಒಡೆಯುವಿಕೆ) ನಿಂತರೂ ಶಾಖ ನಿಲ್ಲದು. ಹಲವು ವರ್ಷ ನೀರಿನ ಕೊಳದಲ್ಲೇ ಇಡಬೇಕು. ನೀರೇ ತಂಪು, ನೀರೇ ವಿಕಿರಣಕ್ಕೆ ತಡೆ. ಆಮೇಲೆ ಮರುಸಂಸ್ಕರಣೆ, ಅಂದರೆ ಮತ್ತೆ ಬಳಸಬಹುದಾದುದನ್ನು ಬೇರ್ಪಡಿಸುವುದು; ಉಳಿದ ಉಗ್ರ ತ್ಯಾಜ್ಯವನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಮುಚ್ಚುತ್ತಾರೆ.