ಡಾಟ್‌ಫೈಲ್‌ಗಳನ್ನು ಲಿಂಕ್ ಮಾಡುವ ಮೊದಲು ಖಾಲಿ ಫೋಲ್ಡರ್ ಮಾಡಿಕೊಳ್ಳಿ

ಲಿನಕ್ಸ್ ಹೊಸದಾಗಿ ಹಾಕಿದ ದಿನ ನನಗೆ ಕೆಲಸವೇ ಓಡುವುದಿಲ್ಲ. ವಿಮ್ ಎಡಿಟರ್‌ನಲ್ಲಿ ಟ್ಯಾಬ್ ಒತ್ತಿದರೆ ಎಂಟು ಜಾಗ ಆಚೆ ಹೋಗುತ್ತದೆ, ನನಗೆ ನಾಲ್ಕೇ ಸಾಕು. ಕೈಗೆ ರೂಢಿಯಾದ ಅಲಿಯಾಸ್ (ಉದ್ದದ ಕಮಾಂಡ್‌ಗೆ ಇಟ್ಟುಕೊಂಡ ಗಿಡ್ಡ ಹೆಸರು) ಒಂದೂ ಇರುವುದಿಲ್ಲ.

ಹಾಗಾಗಿ ಡಾಟ್‌ಫೈಲ್‌ಗಳನ್ನೆಲ್ಲ, ಅಂದರೆ ಚುಕ್ಕೆಯಿಂದ ಹೆಸರು ಶುರುವಾಗುವ ಸೆಟ್ಟಿಂಗ್ ಫೈಲ್‌ಗಳನ್ನೆಲ್ಲ, ಒಂದು ಗಿಟ್ ರೆಪೊದಲ್ಲಿ (ಬದಲಾವಣೆಗಳ ಲೆಕ್ಕ ಇಡುವ ಸಂಗ್ರಹದಲ್ಲಿ) ಇಟ್ಟಿದ್ದೇನೆ. ಬ್ಯಾಶ್ (ಕಮಾಂಡ್ ಓಡಿಸುವ ಶೆಲ್), ವಿಮ್, ಗಿಟ್, ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರಿಸುವ ಪ್ರೋಗ್ರಾಂ), ಒಂದೊಂದಕ್ಕೂ ಒಂದೊಂದು ಫೋಲ್ಡರ್. ಜಿಎನ್‌ಯು ಸ್ಟೋ ಅನ್ನುವ ಪುಟ್ಟ ಪ್ರೋಗ್ರಾಂ ಅವಕ್ಕೆ ಹೋಮ್ ಫೋಲ್ಡರಿನಲ್ಲಿ ಸಿಮ್‌ಲಿಂಕ್ ಹಾಕಿಕೊಡುತ್ತದೆ. ಫೈಲ್ ಇರುವುದು ರೆಪೊದಲ್ಲೇ, ಹೋಮ್‌ನಲ್ಲಿ ಕಾಣುವುದು ಲಿಂಕ್ ಅಷ್ಟೇ.

ಮೊದಲ ಸಲ ರೆಪೊವನ್ನು ಎಚ್‌ಟಿಟಿಪಿಎಸ್‌ನಲ್ಲೇ ಕ್ಲೋನ್ ಮಾಡುತ್ತೇನೆ, ಅಂದರೆ ಅದರ ಪ್ರತಿ ಇಳಿಸಿಕೊಳ್ಳುತ್ತೇನೆ. ಎಸ್‌ಎಸ್‌ಎಚ್ ಕೀ ಇನ್ನೂ ಇರುವುದಿಲ್ಲ ಅಲ್ವಾ. ಹೊಸ ಸಿಸ್ಟಮ್‌ನಲ್ಲಿ ಬ್ಯಾಶ್‌ಆರ್‌ಸಿ (ಬ್ಯಾಶ್‌ನ ಸೆಟ್ಟಿಂಗ್) ಫೈಲ್ ಆಗಲೇ ಇದ್ದರೆ ಸ್ಟೋ ಅದನ್ನು ಮುಟ್ಟುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಹಳೆಯದರ ಹೆಸರು ಬದಲಿಸಿ ಮತ್ತೆ ಓಡಿಸಿದರೆ ಆಯ್ತು. ‘ಅಡಾಪ್ಟ್’ ಆಯ್ಕೆ ಕೊಟ್ಟರೂ ನಡೆಯುತ್ತದೆ, ಆದರೆ ಆಗ ಹೋಮ್‌ನಲ್ಲಿದ್ದ ಫೈಲ್ ಬಂದು ರೆಪೊದಲ್ಲಿದ್ದ ನಮ್ಮ ಫೈಲಿನ ಜಾಗದಲ್ಲಿ ಕೂರುತ್ತದೆ. ಕಮಿಟ್ ಆಗದ (ಗಿಟ್‌ನಲ್ಲಿ ಇನ್ನೂ ದಾಖಲಿಸದ) ಬದಲಾವಣೆ ಇದ್ದರೆ ಹೋಯ್ತು.

ನನ್ನ ಎದೆ ಧಸಕ್ಕೆಂದದ್ದು ಎಸ್‌ಎಸ್‌ಎಚ್ ವಿಷಯದಲ್ಲಿ. ಒಮ್ಮೆ ಕಾನ್ಫಿಗ್ ಲಿಂಕ್ ಮಾಡಿ, ಹೊಸ ಕೀ ಮಾಡಿಕೊಂಡು, ಸುಮ್ನೆ ಗಿಟ್ ಸ್ಟೇಟಸ್ ನೋಡಿದೆ. ಹೊಸ ಫೈಲ್‌ಗಳ ಪಟ್ಟಿಯಲ್ಲಿ, ಯಾರಿಗೂ ತೋರಿಸಬಾರದ ನನ್ನ ಪ್ರೈವೇಟ್ ಕೀ ಕೂತಿತ್ತು! ಹೋಮ್‌ನಲ್ಲಿ ‘ಡಾಟ್ ಎಸ್‌ಎಸ್‌ಎಚ್’ ಫೋಲ್ಡರ್ ಇರಲಿಲ್ಲ. ಹಾಗಿದ್ದಾಗ ಸ್ಟೋ ಒಳಗಿನ ಫೈಲಿಗೆ ಲಿಂಕ್ ಹಾಕುವುದಿಲ್ಲ, ಇಡೀ ಫೋಲ್ಡರಿಗೇ ಹಾಕಿಬಿಡುತ್ತದೆ. ಅಲ್ಲಿಗೆ ಬರೆದದ್ದೆಲ್ಲ ನೇರವಾಗಿ ರೆಪೊಗೆ ಹೋಗುತ್ತದೆ. ಕಮಿಟ್ ಮಾಡಿರಲಿಲ್ಲ, ಬಚಾವಾದೆ. ಲಿಂಕ್ ತೆಗೆದು, ಫೋಲ್ಡರನ್ನು ಕೈಯಾರೆ ಮಾಡಿ, 700 ಪರ್ಮಿಶನ್ (ನನಗೆ ಮಾತ್ರ ಪ್ರವೇಶ) ಕೊಟ್ಟು, ಕೀಯನ್ನು ಅಲ್ಲಿಗೆ ಸಾಗಿಸಿ, ಮತ್ತೆ ಸ್ಟೋ ಓಡಿಸಿದೆ. ಈ ಸಲ ಕಾನ್ಫಿಗ್ ಫೈಲಿಗೆ ಮಾತ್ರ ಲಿಂಕ್ ಬಿತ್ತು.

ಆ ಕಾನ್ಫಿಗ್ ಫೈಲಿಗೆ 600 (ನಾನು ಮಾತ್ರ ಓದಿ ಬರೆಯುವ ಪರ್ಮಿಶನ್) ಕೂಡ ಕೊಡುತ್ತೇನೆ. ಗಿಟ್ ನೆನಪಿಡುವುದು ಫೈಲನ್ನು ಓಡಿಸಬಹುದೋ ಇಲ್ಲವೋ ಅನ್ನುವುದನ್ನಷ್ಟೇ, ಉಳಿದ ಪರ್ಮಿಶನ್ ಕ್ಲೋನ್ ಜೊತೆ ಬರುವುದಿಲ್ಲ. ಗುಂಪಿನವರು ಬರೆಯಬಹುದಾದ ಕಾನ್ಫಿಗ್ ಇದ್ದರೆ ಎಸ್‌ಎಸ್‌ಎಚ್ ಕೆಲಸ ಮಾಡಲು ಒಪ್ಪುವುದಿಲ್ಲ.

‘ಡಾಟ್ ಕಾನ್ಫಿಗ್’ ಫೋಲ್ಡರಿಗೂ ಇದೇ ಅಪಾಯ, ಕಂಡ ಕಂಡ ಪ್ರೋಗ್ರಾಂಗಳ ಕಸ ರೆಪೊದಲ್ಲಿ ತುಂಬುತ್ತದೆ. ಈಗ ಎರಡನ್ನೂ ಮೊದಲೇ ಮಾಡಿಟ್ಟು, ಸ್ಟೋಗೆ ‘ಎನ್’, ‘ವಿ’ ಆಯ್ಕೆ ಕೊಟ್ಟು ಒಣ ಓಟ (ಡ್ರೈ ರನ್) ಓಡಿಸುತ್ತೇನೆ. ಏನೇನು ಲಿಂಕ್ ಮಾಡುತ್ತೇನೆ ಅಂತ ಅದು ಸಾಲು ಸಾಲಾಗಿ ತೋರಿಸುತ್ತದೆ, ಏನನ್ನೂ ಮುಟ್ಟುವುದಿಲ್ಲ. ಯಾವುದಾದರೂ ಸಾಲಿನಲ್ಲಿ ಫೈಲಿನ ಬದಲು ಫೋಲ್ಡರಿನ ಹೆಸರು ಕಂಡರೆ ಅಲ್ಲೇ ನಿಲ್ಲಿಸಿ ಸರಿಮಾಡುತ್ತೇನೆ.