ಬಿಪಿ ನೋಡಲು ಮಲ್ಪೆ ಕಡೆ ಹೋಗುವವರಿಗೆ

ಫೀಲ್ಡಿಗೆ ಹೊಸದಾಗಿ ಬರುವ ನರ್ಸಿಂಗ್ ಮಕ್ಕಳಿಗೆ ನಾನು ಮೊದಲು ಹೇಳುವುದು ಇಷ್ಟು: ಉಡುಪಿಯ ಮಲ್ಪೆ, ಪಡುಕೆರೆ ಕಡೆಯ ಮೀನುಗಾರರ ಮನೆಗಳಲ್ಲಿ ಗಂಡಸರು ಸಿಗಬೇಕಿದ್ದರೆ ಜೂನ್ 1ರಿಂದ ಜುಲೈ 31ರ ಒಳಗೆ ಹೋಗಿ. ಆಗ ಮೀನುಗಾರಿಕೆಗೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಉಳಿದ ದಿನ ಹೋದರೆ ಅಜ್ಜಿ ಮತ್ತು ಬೆಕ್ಕು ಮಾತ್ರ.

ಹೋದ ಕೂಡಲೇ ತೋಳಿಗೆ ಪಟ್ಟಿ ಸುತ್ತಬೇಡಿ. "ಸಿಸ್ಟರ್, ಚಾ ಮಾಡ್ತೇನೆ" ಅಂತಾರೆ. ನೀವು ಕುಡಿಯಿರಿ, ಬಿಪಿ ನೋಡಬೇಕಾದವರಿಗೆ ಬೇಡ. ಚಾ, ಬೀಡಿ ಆಗಿ ಅರ್ಧ ಗಂಟೆ ಕಳೆದಿರಬೇಕು. ಮೂತ್ರಕ್ಕೆ ಹೋಗಿ ಬಂದು, ಒರಗಿ 5 ನಿಮಿಷ ಸುಮ್ನೆ ಕೂರಲಿ. ಕಾಲು ನೆಲಕ್ಕೆ ತಾಗಿರಲಿ. ಕೈ ಎದೆಯ ಮಟ್ಟಕ್ಕೆ ಬರಬೇಕು. ಮೇಜಿಲ್ಲದಿದ್ದರೆ ದಿಂಬು ಇಡಿ. ನೋಡುವಾಗ ಮಾತು ಬೇಡ. ನಮ್ಮೂರಲ್ಲಿ ಅದೇ ಕಷ್ಟ! ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೆದರಿಸಬೇಡಿ. ಬೇರೆ ದಿನ ಮತ್ತೆ ನೋಡಿ, ಡಾಕ್ಟರ ಹತ್ತಿರ ಕಳಿಸಿ. 180/120 ದಾಟಿ ಎದೆನೋವು, ಕಣ್ಣು ಮಂಜು, ಮಾತಿನ ತೊದಲು ಇದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ಇನ್ನು ಅಡುಗೆಮನೆ. ಗಂಡಸಿನ ಎದುರು ಕೂತು "ಉಪ್ಪು ಕಡಿಮೆ ಮಾಡಿ" ಅಂದರೆ ಅವರು ತಲೆ ಆಡಿಸುತ್ತಾರೆ, ಅಷ್ಟೆ. ಸಾರಿಗೆ ಉಪ್ಪು ಹಾಕುವವರು ಅವರಲ್ಲ ಅಲ್ವಾ? ಅಡುಗೆ ಮಾಡುವ ಅಕ್ಕನ ಹತ್ತಿರ ಮಾತಾಡಿ. "ಉಪ್ಪು ಜಾಸ್ತಿ ತಿಂತೀರಾ?" ಅಂತ ಕೇಳಿದರೆ ಯಾವ ಮನೆಯಲ್ಲೂ ಹೌದು ಅನ್ನುವುದಿಲ್ಲ. "ಈ ಉಪ್ಪಿನ ಪ್ಯಾಕೆಟ್ ಯಾವಾಗ ತಂದದ್ದು, ಎಷ್ಟು ದಿನ ಬರುತ್ತದೆ?" ಅಂತ ಕೇಳಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ ಇರಬೇಕು. ಆ ಲೆಕ್ಕದಲ್ಲಿ ನಾಲ್ಕು ಜನರಿಗೆ ಒಂದು ಕಿಲೋ 50 ದಿನವಾದರೂ ಬರಬೇಕು. ಪ್ಯಾಕೆಟ್ಟಿನ ಹೊರಗಿನ ಉಪ್ಪೂ ಹೊಟ್ಟೆಗೆ ಹೋಗುತ್ತಿದ್ದರೆ ಇನ್ನೂ ಜಾಸ್ತಿ ದಿನ ಬರಬೇಕು. ಮಳೆಗಾಲದಲ್ಲಿ ಹೊರಗಿನದ್ದೇ ಜಾಸ್ತಿ: ಗಂಜಿಗೆ ಒಣಮೀನಿನ ಚಟ್ನಿ, ಮಿಡಿ ಉಪ್ಪಿನಕಾಯಿ, ಹಪ್ಪಳ, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ.

ಎಲ್ಲವನ್ನೂ ಬಿಡಿಸಲು ಹೋಗಬೇಡಿ, ಯಾರೂ ಬಿಡುವುದಿಲ್ಲ. ಒಂದು ಊಟಕ್ಕೆ ಇದರಲ್ಲಿ ಒಂದೇ ಇರಲಿ. ಒಣಮೀನನ್ನು ನೀರಲ್ಲಿ ನೆನೆಸಿ, ಎರಡು ಸಲ ತೊಳೆದು, ಚಟ್ನಿಗೆ ಬೇರೆ ಉಪ್ಪು ಹಾಕದೆ ಮಾಡಲಿ. ಹುಳಿ, ಕಾಯಿಮೆಣಸು ಸ್ವಲ್ಪ ಮುಂದಿದ್ದರೆ ಉಪ್ಪು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. "ಕಲ್ಲುಪ್ಪಿಗೆ ಬಿಪಿ ಏರುವುದಿಲ್ಲ" ಅಂತಾರೆ. ಏರುತ್ತದೆ, ಅದೂ ಸೋಡಿಯಮ್ಮೇ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ಮಾತ್ರೆಯ ಬಗ್ಗೆ ಬಾಯಿಮಾತು ನಂಬಬೇಡಿ, ಸ್ಟ್ರಿಪ್ ತರಿಸಿ ನೋಡಿ. ಬಿಪಿ ಸರಿಯಾಯಿತು ಅಂತ ನಿಲ್ಲಿಸಿದವರು ಬೇಕಾದಷ್ಟು ಜನ. ಸರಿಯಾದದ್ದು ಮಾತ್ರೆಯಿಂದಲೇ ಅಂತ ಬಿಡಿಸಿ ಹೇಳಿ.

ಹೊರಡುವ ಮುಂಚೆ ಉಪ್ಪಿನ ಹೊಸ ಪ್ಯಾಕೆಟ್ ಒಡೆದ ತಾರೀಕನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆಯಲು ಅಕ್ಕನಿಗೆ ಹೇಳಿ. ಮುಂದಿನ ಸಲ ಹೋದಾಗ ಮೊದಲು ಅದನ್ನೇ ಕೇಳಿ.