ಸೋರುವ ಶಾಕಪ್: ಸೀಲ್ ತರುವ ಮೊದಲು ರಾಡ್ ನೋಡಿ

ಹಳೇ ಸಣ್ಣ ಕಾರಿನ ಮುಂದಿನ ಸ್ಟ್ರಟ್ (ಸ್ಪ್ರಿಂಗ್ ನಡುವೆ ಕೂತ ಎಣ್ಣೆ ತುಂಬಿದ ಶಾಕಪ್, ಅಂದರೆ ಶಾಕ್ ಅಬ್ಸಾರ್ಬರ್) ಸೋರಿದರೆ ಪುಣೆಯ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ಒಂದೇ: ಶಾಕಪ್ ಜೋಡಿ ಬದಲಿಸಿ. ಆದರೆ ಸ್ಟ್ರಟ್ ತಲೆಯಲ್ಲಿ ಥ್ರೆಡ್ ಇರುವ ರಿಂಗ್ ನಟ್ ಇದ್ದರೆ ಅದನ್ನು ಬಿಚ್ಚಿ ರಿಪೇರಿ ಮಾಡಬಹುದು. ಅಂಚು ಮಡಚಿ ಮುಚ್ಚಿದ ಗ್ಯಾಸ್ ಸ್ಟ್ರಟ್ ಆದರೆ ಹೊಸದೇ ಗತಿ. ಕತ್ತರಿಸಿ, ಥ್ರೆಡ್ ಕೂರಿಸಿ ಕೊಡುತ್ತೇವೆ ಅನ್ನುವವರೂ ಇದ್ದಾರೆ. ಎಣ್ಣೆ, ಗ್ಯಾಸ್ ತುಂಬಿದ ಕೊಳವೆಗೆ ವೆಲ್ಡಿಂಗ್ ಹಿಡಿಸುವ ಕೆಲಸಕ್ಕೆ ನಾನಂತೂ ಕೈಹಾಕುವುದಿಲ್ಲ.

ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆ ಪಸೆ ಇದ್ದು ಅದಕ್ಕೆ ಧೂಳು ಅಂಟಿದ್ದರೆ ಗಾಬರಿ ಬೇಡ. ಸ್ಪ್ರಿಂಗ್ ತಟ್ಟೆಯಿಂದ ಕೆಳಗೆ ಒದ್ದೆಯಾಗಿ ಇಳಿದಿದ್ದರೆ ಎಣ್ಣೆ ತಡೆಯುವ ರಬ್ಬರ್ ಸೀಲ್ ಹೋಗಿದೆ.

ಬಿಚ್ಚುವಾಗ ಚಕ್ರ ಹೊರುವ ತುಂಡಾದ ನಕಲ್‌ನ ಎರಡು ಬೋಲ್ಟ್ ಕೂತಿದ್ದ ಜಾಗಕ್ಕೆ ಪೇಂಟ್ ಗುರುತು ಹಾಕಿ, ಬ್ರೇಕ್ ಹೋಸ್ ಕ್ಲಿಪ್ ತೆಗೆಯಿರಿ. ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್‌ನ ಎರಡು ಕೊಕ್ಕೆ ಎದುರುಬದುರು ಇರಲಿ, ಅದಕ್ಕಷ್ಟು ಇದಕ್ಕಷ್ಟು ಬಿಗಿಸುತ್ತಾ ಹೋಗಿ. ಸ್ಪ್ರಿಂಗ್ ತಟ್ಟೆಯಲ್ಲಿ ಸಡಿಲವಾಗುವ ತನಕ ನಡುವಿನ ನಟ್ ಮುಟ್ಟಲೇಬಾರದು.

ಈಗ ರಾಡ್, ಅಂದರೆ ಸ್ಟ್ರಟ್ ಕೊಳವೆಯಲ್ಲಿ ಮೇಲೆ-ಕೆಳಗೆ ಆಡುವ ಸರಳು. ಬಟ್ಟೆಯಲ್ಲಿ ಒರೆಸಿ, ಉಗುರನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಕಾರು ನಿಂತಾಗ ಸೀಲ್ ಇರುವ ಜಾಗದ ಆಸುಪಾಸು, ನಾಲ್ಕು ಬೆರಳಗಲದಲ್ಲಿ, ಸಾಸಿವೆಗಿಂತ ಸಣ್ಣ ತುಕ್ಕಿನ ಚುಕ್ಕೆಗಳು ಸಿಗುತ್ತವೆ. ಡಸ್ಟ್ ಕವರ್ ಹರಿದ ಕಾರಿಗೆ ಇಲ್ಲಿನ ಮಳೆಗಾಲದ ಕೆಸರು ಕೊಟ್ಟ ಕಾಣಿಕೆ. ಬರೀ ಕಲೆಯಾದರೆ 1200 ನಂಬರ್ ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಉಜ್ಜಿದರೆ ಸಾಕು. ಉಗುರು ಸಿಕ್ಕಿಕೊಂಡರೆ ಆ ಗುಂಡಿಯ ಅಂಚು ಹೊಸ ಸೀಲಿನ ತುಟಿಯನ್ನೂ ಕೊಯ್ಯುತ್ತದೆ. ರಾಡಿಗೆ ಹಾರ್ಡ್ ಕ್ರೋಮ್ ಲೇಪ ಮಾಡಿಸಬೇಕು, ಇಲ್ಲವೇ ಆ ಸ್ಟ್ರಟ್ ಬಿಟ್ಟುಬಿಡಬೇಕು.

ಎರಡನೆಯ ಕಳ್ಳ ಬುಷ್, ರಾಡನ್ನು ನೆಟ್ಟಗೆ ಹಿಡಿದಿಡುವ ಬಳೆ. ಈ ಬಗೆಯ ಸ್ಟ್ರಟ್ ಮೇಲೆ ಅಡ್ಡ ಹೊರೆ ಸದಾ ಇರುವುದರಿಂದ ಬುಷ್ ಒಂದೇ ಪಕ್ಕ ಸವೆಯುತ್ತದೆ, ರಾಡ್ ವಾಲುತ್ತದೆ, ಸೀಲ್ ಒಂದು ಕಡೆ ಬಾಯಿ ಬಿಡುತ್ತದೆ. ಪುಣೆ ಪಕ್ಕದ ಭೋಸರಿಯ ಲೇತ್‌ನಲ್ಲಿ ಕಲಬುರಗಿ ಕಡೆಯವರೊಬ್ಬರು ರಾಡ್ ಅಲ್ಲಾಡಿಸಿ ನೋಡಿದವರೇ, "ಬುಷ್ ಸಡ್ಲ ಆಗೇತ್ರೀ, ಬರೇ ಸೀಲ್ ಹಾಕಿದ್ರ ಮತ್ತ ಸೋರತೈತಿ" ಅಂದರು. ಗನ್‌ಮೆಟಲ್ ಬುಷ್ ಮಾಡಿಸುವಾಗ ಸಂದು 0.05 ಮಿ.ಮೀ. ಆಸುಪಾಸು ಕೇಳಿ.

ಸೀಲಿಗೆ ಪುಣೆಯ ಬಿಡಿಭಾಗಗಳ ಪೇಟೆಯಾದ ನಾನಾ ಪೇಠೆಗೆ ಹೋಗುವಾಗ ಹಳೆಯದನ್ನೂ ವರ್ನಿಯರ್ ಅಳತೆಯನ್ನೂ ಒಯ್ಯಿರಿ: ರಾಡ್, ಹೊರವ್ಯಾಸ, ಎತ್ತರ. ತಿರುಗುವ ಶಾಫ್ಟಿನ ಮಾಮೂಲಿ ಆಯಿಲ್ ಸೀಲ್ ಅಳತೆಗೆ ಕೂತರೂ ಮೇಲೆ-ಕೆಳಗಿನ ಓಟಕ್ಕೆ ಬಾಳುವುದಿಲ್ಲ. ಡಸ್ಟ್ ತುಟಿಯಿರುವ ಶಾಕಪ್ ಸೀಲೇ ಬೇಕು. ಕೂರಿಸುವಾಗ ರಾಡಿನ ಥ್ರೆಡ್ ಮೇಲೆ ಟೇಪ್ ಸುತ್ತಿ, ಎಣ್ಣೆ ಸವರಿ ಇಳಿಸಿ. ಎಷ್ಟೋ ಹೊಸ ಸೀಲುಗಳು ಆ ಥ್ರೆಡ್‌ಗೆ ತಾಗಿಯೇ ಹರಿದಿರುತ್ತವೆ.

ಹಳೇ ಎಣ್ಣೆ ರಾಗಿ ಗಂಜಿಯಂತೆ ಬೂದು ಬಣ್ಣದಲ್ಲಿ ಬರುತ್ತದೆ. ಸೋರಿ ಉಳಿದದ್ದನ್ನು ಅಳೆದು ಅಷ್ಟೇ ತುಂಬಿದರೆ ಕಡಿಮೆಯಾಗುತ್ತದೆ. ಮ್ಯಾನುಯಲ್ ಇದ್ದರೆ ಅದರ ಲೆಕ್ಕ, ಇಲ್ಲದಿದ್ದರೆ ಈ ಲೆಕ್ಕ: 20 ಮಿ.ಮೀ. ರಾಡ್ 150 ಮಿ.ಮೀ. ಒಳಹೋದರೆ ಸುಮಾರು 47 ಮಿ.ಲೀ. ಎಣ್ಣೆಯನ್ನು ಒಳಗಿನ ಕೊಳವೆಯಿಂದ ಅದನ್ನು ಸುತ್ತಿರುವ ಹೊರಗಿನ ಕೊಳವೆಗೆ ತಳ್ಳುತ್ತದೆ. ರಾಡ್ ಪೂರ್ತಿ ಮೇಲಿದ್ದಾಗ ಅಲ್ಲಿ ಅದಕ್ಕಿಂತ ಹೆಚ್ಚು ಖಾಲಿ ಜಾಗ ಇರಲೇಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ಹಂಪ್‌ಗೇ ಸೀಲ್ ಎದ್ದುಬರುತ್ತದೆ. ತೀರಾ ಕಡಿಮೆಯಾದರೆ ಕೆಳಗಿನ ವಾಲ್ವ್ ಗಾಳಿ ಎಳೆದು ನೊರೆಯೆಬ್ಬಿಸುತ್ತದೆ. 10ಡಬ್ಲ್ಯು ಫೋರ್ಕ್ ಆಯಿಲ್ ಒಂದು ಲೀಟರ್ ತಂದರೆ ಎರಡೂ ಕಡೆಗೆ ಆಗಿ ತೊಳೆಯಲೂ ಉಳಿಯುತ್ತದೆ. ಎಂಜಿನ್ ಆಯಿಲ್ ದಪ್ಪವಾಯಿತು. ಬ್ರೇಕ್ ಆಯಿಲ್ ನೈಟ್ರೈಲ್ ಸೀಲನ್ನೇ ಉಬ್ಬಿಸಿ ಕೆಡಿಸುತ್ತದೆ.

ರಿಂಗ್ ನಟ್ ಬಿಗಿದು, ನೆಟ್ಟಗೆ ಹಿಡಿದು, ರಾಡನ್ನು ನಿಧಾನವಾಗಿ ಎಂಟು-ಹತ್ತು ಸಲ ಪೂರ್ತಿ ಆಡಿಸಿ. ದಿಕ್ಕು ಬದಲಾಗುವಲ್ಲಿ ಪೊಳ್ಳು ಅನ್ನಿಸಿದರೆ ಗಾಳಿ ಇನ್ನೂ ಇದೆ. ಹೊಸ ಡಸ್ಟ್ ಕವರ್ ಹಾಕದೆ ಜೋಡಿಸಬೇಡಿ. ಕಾರಿಗೆ ಕೂರಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ. ನೂರು ಕಿಲೋಮೀಟರ್ ಓಡಿಸಿ ಬಿಳಿ ಬಟ್ಟೆಯಲ್ಲಿ ಒರೆಸಿ. ಜೋಡಿಸುವಾಗ ಸವರಿದ ಎಣ್ಣೆ ಮೊದಲ ಸಲ ಅಂಟೀತು. ಇನ್ನೂ ನೂರಾದ ಮೇಲೂ ಬಟ್ಟೆ ಒದ್ದೆಯಾದರೆ ಮತ್ತೆ ಸೀಲ್ ಕೊಳ್ಳಲು ಓಡಬೇಡಿ, ರಾಡ್ ಮೇಲೆ ಇನ್ನೊಮ್ಮೆ ಉಗುರು ಎಳೆಯಿರಿ.